ಹಿಂಬದಿ ಸಸ್ಪೆನ್ಷನ್ ಮನೆಯಲ್ಲೇ ಬಿಚ್ಚುತ್ತಿದ್ದೇನೆ, ಉದ್ದ ಬೋಲ್ಟ್ ಕದಲುತ್ತಿಲ್ಲ (ಎಂಎಕ್ಸ್-5, ಎರಡನೇ ತಲೆಮಾರು)

ತೆರೆದಚಾವಣಿ
ಎಲ್ಲರಿಗೂ ನಮಸ್ಕಾರ. ಗಾಡಿ ಮಾಜ್ದಾ ಎಂಎಕ್ಸ್-5, 2001ರ ಮಾದರಿ. ಉಬ್ಬು ಹತ್ತಿ ಇಳಿದಾಗಲೆಲ್ಲ ಹಿಂದಿನಿಂದ 'ಟಕ್' ಎಂಬ ಸದ್ದು. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಒಂದು ಕ್ಷಣ ಅತ್ತಿತ್ತ ಸರಿದು ಆಮೇಲೆ ನೆಲೆ ನಿಲ್ಲುತ್ತದೆ. ಕೆಳಗೆ ಬಗ್ಗಿ ನೋಡಿದೆ. ಎಡಗಡೆಯ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿಸಿಕೊಂಡಿದೆ, ಲೋವರ್ ಆರ್ಮ್‌ನ (ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು) ಬುಶ್‌ಗಳಲ್ಲಿ (ಅದರ ಕೀಲುಗಳಲ್ಲಿ ಕೂರುವ ಮೆತ್ತೆ) ರಬ್ಬರ್ ಬಿರುಕು ಬಿಟ್ಟಿದೆ.

ಎರಡೂ ಕಡೆಗೆ ಶಾಕ್, ಸ್ಟೆಬಿಲೈಸರ್ ಲಿಂಕ್, ಕೆಳಗಿನ ಬುಶ್‌ಗಳು ಎಲ್ಲವನ್ನೂ ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ನಕಲ್‌ನ (ಚಕ್ರದ ಹಬ್ ಹಿಡಿದಿರುವ ಲೋಹದ ಭಾಗ) ಕೆಳತುದಿಯಲ್ಲಿ ಹಾದುಹೋಗುವ ಆ ಉದ್ದ ಬೋಲ್ಟ್ ಹೊರಗೆ ಬರಲು ಒಪ್ಪುತ್ತಿಲ್ಲ. ನಟ್ ಸಲೀಸಾಗಿ ಬಂತು. ಬೋಲ್ಟ್ ಮಾತ್ರ ಸುತ್ತಿಗೆಗೂ ಬಗ್ಗುತ್ತಿಲ್ಲ. ಕಾಯಿಸಬೇಕೇ, ಕತ್ತರಿಸಬೇಕೇ? ಇನ್ನೊಂದು ಪ್ರಶ್ನೆ: ರಬ್ಬರ್ ಬುಶ್ ತರಿಸಿದ್ದು ಸರಿಯೋ, ಪಾಲಿಯುರೆಥೇನ್ ತರಿಸಬೇಕಿತ್ತೋ?

ಗ್ರೀಸ್‌ಕೈ
ಬೋಲ್ಟ್ ತಲೆಗೆ ಸ್ಪ್ಯಾನರ್ ಹಾಕಿ ತಿರುಗಿಸಿ, ಕೈ ಬಿಡಿ. ತಾನಾಗಿ ಹಿಂದಕ್ಕೆ ಬರುತ್ತದೆಯೇ?

ತೆರೆದಚಾವಣಿ
ಬರುತ್ತದೆ. ಎಂಟನೇ ಒಂದು ಸುತ್ತು ಹೋಗಿ ಮರಳಿ ಬಂದು ನಿಲ್ಲುತ್ತದೆ.

ಗ್ರೀಸ್‌ಕೈ
ಹಾಗಾದರೆ ಅದು ಬುಶ್‌ನ ಒಳಗಿನ ಉಕ್ಕಿನ ಸ್ಲೀವ್‌ಗೆ ಕಚ್ಚಿಕೊಂಡಿದೆ. ನೀವು ತಿರುಗಿಸುತ್ತಿರುವುದು ಬೋಲ್ಟನ್ನಲ್ಲ, ರಬ್ಬರನ್ನು.

ಹಳೇಸ್ಪ್ಯಾನರ್
ಗ್ರೀಸ್‌ಕೈ ಹೇಳಿದ್ದು ಸರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಕೆಲಸದ ಮುಕ್ಕಾಲು ಪಾಲು ಇದೊಂದರಲ್ಲೇ ಇದೆ.

ಕಂಪನಿ ಹಾಕಿಕೊಡುವ ಬುಶ್‌ನಲ್ಲಿ ಮೂರು ಪದರ: ಹೊರಗೆ ಉಕ್ಕಿನ ಚಿಪ್ಪು, ನಡುವೆ ರಬ್ಬರ್, ಒಳಗೆ ಉಕ್ಕಿನ ಸ್ಲೀವ್. ರಬ್ಬರ್ ಎರಡಕ್ಕೂ ಭದ್ರವಾಗಿ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಒಳ ಸ್ಲೀವ್ ಬ್ರಾಕೆಟ್‌ನ ಎರಡು ಕೆನ್ನೆಗಳ ನಡುವೆ ಸಿಕ್ಕಿ ನಿಲ್ಲುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವುದು ರಬ್ಬರ್ ತಿರುಚುವುದರಿಂದ. ಸ್ಲೀವ್‌ಗೂ ಬೋಲ್ಟ್‌ಗೂ ನಡುವೆ ಇರುವ ಸಣ್ಣ ಸಂದಿಯಲ್ಲಿ ವರ್ಷಗಟ್ಟಲೆ ನೀರು, ಕೆಸರು ಕುಳಿತು ತುಕ್ಕು ಬೆಳೆಯುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ, ಹಾಗಾಗಿ ಎರಡೂ ಒಂದಕ್ಕೊಂದು ಬೆಸೆದುಹೋಗುತ್ತವೆ. ನೀವು ಎಷ್ಟು ಬಲ ಹಾಕಿದರೂ ಮೊದಲು ರಬ್ಬರ್ ಬಾಗುತ್ತದೆ. ತುಕ್ಕಿನ ಹಿಡಿತಕ್ಕೆ ಪೆಟ್ಟು ತಲುಪುವುದೇ ಇಲ್ಲ.

ಮಾಡಬೇಕಾದದ್ದು: ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೂ ತುದಿಯಿಂದ ಹಾಕಿ, ರಾತ್ರಿಯಿಡೀ ಬಿಡಿ, ಮತ್ತೆ ಹಾಕಿ. ನಟ್ಟನ್ನು ಬೋಲ್ಟಿನ ತುದಿಗೆ ಸಮವಾಗುವವರೆಗೆ ವಾಪಸ್ ಹತ್ತಿಸಿ, ಆಮೇಲೆ ಅದರ ಮೇಲೆ ಭಾರದ ಸುತ್ತಿಗೆಯಿಂದ ಹೊಡೆಯಿರಿ. ಬರಿಯ ತುದಿಗೆ ಹೊಡೆದರೆ ತುದಿ ಹೂವರಳಿ ಇನ್ನಷ್ಟು ಕಷ್ಟ. ಹಾಗೂ ಬರದಿದ್ದರೆ ಗರಗಸ.

ಚಕ್ರಕ್ಕೆಕಲ್ಲು
ಬೋಲ್ಟ್ ವಿಚಾರ ಆಮೇಲೆ. ಗಾಡಿ ಯಾವುದರ ಮೇಲೆ ನಿಂತಿದೆ ಅದನ್ನು ಮೊದಲು ಹೇಳಿ.

ತೆರೆದಚಾವಣಿ
ಡಿಫರೆನ್ಷಿಯಲ್ ಕೆಳಗೆ ಜ್ಯಾಕ್ ಕೊಟ್ಟು ಎತ್ತಿ, ಎರಡು ಬದಿಗೂ ಜ್ಯಾಕ್ ಸ್ಟ್ಯಾಂಡ್ ಇಟ್ಟಿದ್ದೇನೆ. ಹ್ಯಾಂಡ್‌ಬ್ರೇಕ್ ಹಾಕಿದೆ, ಮೊದಲನೇ ಗೇರಿನಲ್ಲಿದೆ.

ಚಕ್ರಕ್ಕೆಕಲ್ಲು
ಇದನ್ನೇ ನಿರೀಕ್ಷಿಸಿದ್ದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಗೇರ್ ಹಿಡಿಯುವುದೂ ಹಿಂದಿನ ಚಕ್ರಗಳನ್ನೇ, ಇದು ಹಿಂಬದಿ ಚಾಲನೆಯ ಗಾಡಿ. ಆ ಎರಡೂ ಚಕ್ರಗಳು ಈಗ ಗಾಳಿಯಲ್ಲಿವೆ. ನೆಲದ ಮೇಲಿರುವ ಮುಂದಿನ ಎರಡು ಚಕ್ರಗಳನ್ನು ಹಿಡಿದಿರುವುದು ಯಾವುದು? ಏನೂ ಇಲ್ಲ. ನೀವು ಭಾರದ ಸುತ್ತಿಗೆ ತೆಗೆದುಕೊಂಡು ಹೊಡೆಯುತ್ತಿದ್ದೀರಿ, ಉದ್ದನೆಯ ಹಿಡಿ ಹಾಕಿ ಜಗ್ಗುತ್ತಿದ್ದೀರಿ. ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಟ್ಟೆ ಕೊಡದೆ ಇನ್ನೊಂದು ಪೆಟ್ಟು ಹಾಕಬೇಡಿ. ಬಿಚ್ಚಿದ ಚಕ್ರಗಳನ್ನು ಬಾಗಿಲ ಕೆಳಗಿನ ಅಂಚಿನ ಅಡಿಗೆ ಮಲಗಿಸಿ ತಳ್ಳಿ. ಸ್ಟ್ಯಾಂಡ್ ಜಾರಿದರೂ ಗಾಡಿ ನಿಮ್ಮ ಎದೆಯ ಮೇಲಲ್ಲ, ಚಕ್ರದ ಮೇಲೆ ಕೂರಬೇಕು.

ತೆರೆದಚಾವಣಿ
ಈಗಲೇ ಹೋಗಿ ಇಟ್ಟು ಬಂದೆ. ಧನ್ಯವಾದ.

ಮೂರನೇಗೇರ್
ಇಷ್ಟೆಲ್ಲ ತಾಪತ್ರಯ ಏಕೆ? ಲಿಫ್ಟ್ ಇರುವ ಗ್ಯಾರೇಜಿಗೆ ಕೊಟ್ಟು ಬನ್ನಿ. ಅವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಕೊನೆಗೆ ಅಲೈನ್‌ಮೆಂಟ್‌ಗೆ ಹೇಗೂ ಹೋಗಲೇಬೇಕಲ್ಲ.

ಹಳೇಸ್ಪ್ಯಾನರ್
ಕೊಡಬಹುದು. ಆದರೆ ಗ್ಯಾರೇಜಿನವರು ಆರ್ಮ್ ನೇತಾಡುತ್ತಿರುವಾಗಲೇ ಇಂಪ್ಯಾಕ್ಟ್ ಗನ್ ಹಾಕಿ ಬುಶ್ ಬೋಲ್ಟ್‌ಗಳನ್ನು ಬಿಗಿದು ಕಳಿಸುವುದನ್ನು ನಾನು ನೋಡಿದ್ದೇನೆ. ಹೊಸ ಬುಶ್ ಸ್ವಲ್ಪ ಕಾಲದಲ್ಲೇ ಹರಿದು ಬಂತು. ತನ್ನ ಗಾಡಿಗೆ ತಾನೇ ಮಾಡುವವನಿಗೆ ಕನಿಷ್ಠ ಆ ಅವಸರ ಇರುವುದಿಲ್ಲ.

ಮೂರನೇಗೇರ್
ಎಲ್ಲ ಗ್ಯಾರೇಜುಗಳೂ ಹಾಗಲ್ಲ ಸ್ವಾಮಿ.

ಹಳೇಸ್ಪ್ಯಾನರ್
ಅಲ್ಲ. ಒಳ್ಳೆಯವರು ಸಿಕ್ಕರೆ ಬಿಡಬೇಡಿ. ಇಲ್ಲಿ ಕೇಳಿರುವುದು ಮನೆಯಲ್ಲಿ ಹೇಗೆ ಮಾಡುವುದು ಎಂದು, ಅಷ್ಟೆ.

ಬೆಂಕಿಪೊಟ್ಟಣ
ಗ್ಯಾಸ್ ಟಾರ್ಚ್ ಹಿಡಿದು ಕೆಂಪಗೆ ಕಾಯಿಸಿ, ಒಂದೇ ಪೆಟ್ಟಿಗೆ ಬರುತ್ತದೆ. ಈ ಎಣ್ಣೆ, ರಾತ್ರಿಯಿಡೀ ಕಾಯುವುದು, ಇವೆಲ್ಲ ಕಾಲಹರಣ.

ಚಕ್ರಕ್ಕೆಕಲ್ಲು
ಎಂಎಕ್ಸ್-5ರ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಎಂದು ಗೊತ್ತೇ? ಸೀಟುಗಳ ಬೆನ್ನಿಗೆ, ಹಿಂದಿನ ಆಕ್ಸಲ್‌ನ ಪಕ್ಕಕ್ಕೇ. ಇಂಧನದ ಕೊಳವೆ, ಬ್ರೇಕಿನ ಕೊಳವೆ, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲವೂ ಆ ಸುತ್ತಿನಲ್ಲೇ ಇವೆ. ಅಲ್ಲಿ ಬೆಂಕಿ ಹಿಡಿಯಿರಿ ಎಂದು ಹೊಸಬರಿಗೆ ಹೇಳುವ ಧೈರ್ಯ ನನಗಂತೂ ಇಲ್ಲ.

ಬೆಂಕಿಪೊಟ್ಟಣ
ಎಷ್ಟೋ ಗಾಡಿಗಳಿಗೆ ಮಾಡಿದ್ದೇನೆ, ಏನೂ ಆಗಿಲ್ಲ.

ಚಕ್ರಕ್ಕೆಕಲ್ಲು
ಆಗದಿದ್ದವರು ಮಾತ್ರ ಇಲ್ಲಿ ಬಂದು ಬರೆಯುತ್ತಾರೆ.

ಅಳತೆಗೋಲು
ಜ್ವಾಲೆ ಬೇಡ ಎನ್ನುವವರಿಗೆ ಇಂಡಕ್ಷನ್ ಹೀಟರ್ ಇದೆ. ತಂತಿಯ ಸುರುಳಿಯನ್ನು ನಟ್ ಅಥವಾ ಬೋಲ್ಟ್ ತಲೆಯ ಸುತ್ತ ಹಾಕಿದರೆ ಲೋಹ ಮಾತ್ರ ಕಾಯುತ್ತದೆ. ಆದರೆ ಇಲ್ಲಿ ಹಿಡಿದಿರುವುದು ಬೋಲ್ಟಿನ ಹೊಟ್ಟೆಯಲ್ಲಿ, ತಲೆಯಲ್ಲಲ್ಲ. ಶಾಖ ಅಲ್ಲಿಗೆ ತಲುಪುವಷ್ಟರಲ್ಲಿ ರಬ್ಬರ್ ಸುಟ್ಟು ಹೊಗೆ ಬರಲು ಶುರುವಾಗುತ್ತದೆ. ಹೇಗೂ ಬಿಸಾಡುವ ಬುಶ್ ಆದರೆ ಸರಿ, ಹೊಗೆ ಕುಡಿಯದೆ ದೂರ ನಿಲ್ಲಿ.

ನನ್ನ ಮತ ಗರಗಸಕ್ಕೆ. ಬುಶ್ ಬದಲಾಯಿಸುವವರು ಬೋಲ್ಟನ್ನು ಉಳಿಸಲು ಒದ್ದಾಡುವುದರಲ್ಲಿ ಅರ್ಥವಿಲ್ಲ. ಬುಶ್‌ಗೂ ಬ್ರಾಕೆಟ್‌ಗೂ ನಡುವಿನ ಸಂದಿಯಲ್ಲಿ, ಎರಡೂ ಬದಿಗೆ, ಲೋಹ ಕತ್ತರಿಸುವ ಬ್ಲೇಡ್ ಹಾಕಿದ ರೆಸಿಪ್ರೊಕೇಟಿಂಗ್ ಗರಗಸದಿಂದ ನಿಧಾನವಾಗಿ ಕೊಯ್ಯಿರಿ. ಗಟ್ಟಿ ಬೋಲ್ಟ್ ಇದು, ವೇಗ ಹೆಚ್ಚಿಸಿದರೆ ಬ್ಲೇಡಿನ ಹಲ್ಲು ಮೊದಲು ಹೋಗುತ್ತದೆ. ಮೆಲ್ಲಗೆ, ಒತ್ತಿ, ಎಣ್ಣೆ ಬಿಟ್ಟುಕೊಂಡು. ಬದಲಿಗೆ ಹಾಕುವ ಬೋಲ್ಟ್ ಮಾತ್ರ ಆ ಗಾಡಿಗೆಂದೇ ಮಾಡಿದ್ದಾಗಿರಲಿ. ಉದ್ದ ಸರಿಹೋಯಿತು ಎಂದು ಸಾದಾ ಬೋಲ್ಟ್ ತಂದು ಹಾಕಬೇಡಿ. ಸೆಲ್ಫ್ ಲಾಕಿಂಗ್ ನಟ್‌ಗಳನ್ನೂ ಹೊಸದಾಗಿ ಹಾಕಿ.

ತೆರೆದಚಾವಣಿ
ಗರಗಸವೇ ಸರಿ ಎನಿಸುತ್ತಿದೆ. ಕೆಳ ಆರ್ಮ್‌ನ ಒಳತುದಿಯ ಕ್ಯಾಮ್ ಬೋಲ್ಟ್‌ಗಳೂ (ತಿರುಗಿಸಿ ಚಕ್ರದ ಕೋನ ಹೊಂದಿಸುವವು) ಕಚ್ಚಿಕೊಂಡಿದ್ದರೆ?

ಅಳತೆಗೋಲು
ಅವುಗಳಿಗೆ ಇಂಪ್ಯಾಕ್ಟ್ ಗನ್ ತೋರಿಸಲೇಬೇಡಿ. ಕ್ಯಾಮ್ ತಟ್ಟೆ ಸಬ್‌ಫ್ರೇಮಿನ (ಆರ್ಮ್‌ಗಳು ಕೂರುವ ಚೌಕಟ್ಟು) ಎರಡು ಅಂಚುಗಳ ನಡುವೆ ಕೂತಿರುತ್ತದೆ. ಬೋಲ್ಟ್ ಸ್ಲೀವ್‌ಗೆ ಕಚ್ಚಿರುವಾಗ ಗನ್ ಹಾಕಿದರೆ ಆ ಅಂಚುಗಳು ಹರಡಿಕೊಂಡು ಹೋಗುತ್ತವೆ. ಬೋಲ್ಟಿನ ಬದಲು ಸಬ್‌ಫ್ರೇಮ್ ಹುಡುಕಬೇಕಾಗುತ್ತದೆ. ಮೊದಲು ನಟ್ ಸಡಿಲಿಸಿ, ನಂತರ ಕೈಯಿಂದ ಅತ್ತಿತ್ತ ಆಡಿಸಿ ನೋಡಿ.

ಬಿಚ್ಚುವ ಮುಂಚೆ ಕ್ಯಾಮ್ ಎಲ್ಲಿ ನಿಂತಿದೆ ಎಂದು ಬಣ್ಣದ ಗೆರೆ ಎಳೆದು ಫೋಟೋ ತೆಗೆದಿಟ್ಟುಕೊಳ್ಳಿ. ಅದು ಅಲೈನ್‌ಮೆಂಟ್ ಆಗುವುದಿಲ್ಲ, ಅಲೈನ್‌ಮೆಂಟ್ ಅಂಗಡಿಯವರೆಗೆ ಓಡಿಸಿಕೊಂಡು ಹೋಗಲು ಸಾಕು. ಒಂದು ಬದಿಗೆ ಎರಡು ಕ್ಯಾಮ್. ಎರಡನ್ನೂ ಒಂದೇ ದಿಕ್ಕಿಗೆ ಸರಿಸಿದರೆ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು) ಬದಲಾಗುತ್ತದೆ, ಒಂದನ್ನು ಒಳಕ್ಕೂ ಇನ್ನೊಂದನ್ನು ಹೊರಕ್ಕೂ ಸರಿಸಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು).

ಪಾಲಿಪ್ರಿಯ
ರಬ್ಬರ್ ಬುಶ್ ವಾಪಸ್ ಕಳಿಸಿ ಪಾಲಿ ತರಿಸಿ. ಗಾಡಿ ಬೇರೆಯೇ ಆಗಿಬಿಡುತ್ತದೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಹಿಂಭಾಗ ಮಾತು ಕೇಳುತ್ತದೆ.

ಗ್ರೀಸ್‌ಕೈ
ಗ್ರೀಸ್ ಒಣಗಿದ ಮೇಲೆ ಕೀರಲು ದನಿಯೂ ಕೇಳುತ್ತದೆ.

ಪಾಲಿಪ್ರಿಯ
ಸರಿಯಾಗಿ ಗ್ರೀಸ್ ಹಾಕಿ ಕೂರಿಸಿದರೆ ವರ್ಷಗಟ್ಟಲೆ ಸದ್ದಿಲ್ಲ. ಅಲ್ಲದೆ ಮನೆಯಲ್ಲಿ ಮಾಡುವವರಿಗೆ ಪ್ರೆಸ್ ಬೇಡ. ಎರಡು ಅರ್ಧ ತುಂಡುಗಳಾಗಿ ಬರುತ್ತವೆ, ಕೈಯಿಂದಲೋ ವೈಸ್‌ನಿಂದಲೋ ಒತ್ತಿದರೆ ಕೂರುತ್ತವೆ.

ಹಿಂಚಕ್ರಪುರಾಣ
ಇಲ್ಲಿ ಎರಡು ವಿಷಯ ಬೆರೆತಿವೆ. ಎಂಎಕ್ಸ್-5ಕ್ಕೆ 1989ರ ಮೊದಲ ಮಾದರಿಯಿಂದಲೇ ನಾಲ್ಕೂ ಕಡೆ ಡಬಲ್ ವಿಶ್‌ಬೋನ್ (ಪ್ರತಿ ಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್). ಆರ್ಮ್‌ಗಳು ಹೆಚ್ಚುಕಡಿಮೆ ಒಂದೇ ಅಕ್ಷದ ಸುತ್ತ ತಿರುಗುತ್ತವೆ, ಆದ್ದರಿಂದ ಪಾಲಿ ಒಪ್ಪುತ್ತದೆ. ಆದರೆ ಎಲ್ಲ ಸ್ಪೋರ್ಟ್ಸ್ ಕಾರುಗಳಿಗೂ ಇದೇ ಮಾತು ಹೇಳಬಾರದು. ಹಲವು ಲಿಂಕ್‌ಗಳಿರುವ ಹಿಂಬದಿಯಲ್ಲಿ ಒಂದೊಂದು ಲಿಂಕ್ ಒಂದೊಂದು ಕೋನದಲ್ಲಿ ತಿರುಚಿಕೊಳ್ಳುತ್ತದೆ. ಅಲ್ಲಿ ಬುಶ್ ಎಲ್ಲ ದಿಕ್ಕಿಗೂ ಸ್ವಲ್ಪ ಬಾಗಲೇಬೇಕು. ಪಾಲಿ ಹಾಕಿದರೆ ಸಸ್ಪೆನ್ಷನ್ ತನಗೆ ತಾನೇ ಬಿಗಿದುಕೊಳ್ಳುತ್ತದೆ.

ಕೆಲವು ಗಾಡಿಗಳಲ್ಲಿ ಆ ಮೃದುತನ ಬೇಕೆಂದೇ ಇಟ್ಟದ್ದು. ಪೋರ್ಷೆ 1977ರಲ್ಲಿ 928 ತಂದಾಗ ಅದರ ಹಿಂಬದಿಗೆ ವೈಸಾಕ್ ಆಕ್ಸಲ್ ಇತ್ತು. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಅಥವಾ ಬ್ರೇಕ್ ಒತ್ತಿದಾಗ ಚಕ್ರವನ್ನು ಹಿಂದಕ್ಕೆ ಎಳೆಯುವ ಬಲವನ್ನೇ ಬಳಸಿಕೊಂಡು, ಹೊರಗಿನ ಚಕ್ರದ ಮೂತಿ ತುಸು ಒಳಕ್ಕೆ ತಿರುಗುವಂತೆ ಅದನ್ನು ಮಾಡಿದ್ದರು. ಅದಕ್ಕಿಂತ ಹಿಂದಿನ ಎಷ್ಟೋ ವಿನ್ಯಾಸಗಳಲ್ಲಿ ಆ ಕ್ಷಣದಲ್ಲಿ ಚಕ್ರ ಹೊರಕ್ಕೆ ತಿರುಗಿ ಗಾಡಿಯ ಹಿಂಭಾಗ ಸುತ್ತಿಕೊಂಡು ಬರುತ್ತಿತ್ತು. ತೆರೆದಚಾವಣಿಯವರು ಮೊದಲ ಬರಹದಲ್ಲಿ ಹೇಳಿದ ಲಕ್ಷಣವೂ ಇದರ ತಮ್ಮನೇ: ಸತ್ತ ಬುಶ್ ಎಳೆತಕ್ಕೆ ಸರಿದು ಟೋ ಬದಲಾಗುತ್ತಿದೆ. ಸದ್ದು ಬೇರೆ ರೋಗ ಇರಬಹುದು, ಅಲುಗಾಟ ಮಾತ್ರ ಬುಶ್‌ನದೇ ಎಂದು ನನ್ನ ಅನುಮಾನ.

ಮೂರನೇಗೇರ್
ಪುರಾಣ ಎಂದು ಹೆಸರಿಟ್ಟುಕೊಂಡದ್ದು ಸಾರ್ಥಕವಾಯಿತು.

ಹಿಂಚಕ್ರಪುರಾಣ
ಇನ್ನೂ ಕಾರ್ವೆಟ್‌ನ ಅಡ್ಡ ಲೀಫ್ ಸ್ಪ್ರಿಂಗ್ ಕಥೆ ಬಾಕಿ ಇದೆ. 1963ರಿಂದ ಹಿಂಬದಿಗೆ ಅದೇ. 2020ರ ಮಾದರಿಯಲ್ಲಿ ಎಂಜಿನ್ ನಡುವಿಗೆ ಬಂದಾಗಲೇ ಕಾಯಿಲ್ ಸ್ಪ್ರಿಂಗ್ ಬಂದದ್ದು.

ಚಕ್ರಕ್ಕೆಕಲ್ಲು
ದಯವಿಟ್ಟು ಅದಕ್ಕೆ ಬೇರೆ ಎಳೆ ತೆರೆಯಿರಿ.

ಸ್ಪ್ರಿಂಗ್ ಮಾತು ಬಂದಿದ್ದರಿಂದ ಹೇಳುತ್ತೇನೆ. ಹಳೆಯ ಸ್ಪ್ರಿಂಗ್ ಉಳಿಸಿಕೊಂಡು ಶಾಕ್ ಮಾತ್ರ ಬದಲಾಯಿಸುವುದಾದರೆ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಲೆಕ್ಕ ಹಾಕಿ ನೋಡಿ: ಒಂದು ಮಿ.ಮೀ. ಒತ್ತಲು 20 ನ್ಯೂಟನ್ ಬೇಡುವ ಸ್ಪ್ರಿಂಗನ್ನು 100 ಮಿ.ಮೀ. ಒತ್ತಿದರೆ 2000 ನ್ಯೂಟನ್. ಇನ್ನೂರು ಕಿಲೋ ಭಾರ ನಿಮ್ಮ ಮುಖದ ಮುಂದೆ ಎರಡು ಕೊಕ್ಕೆಗಳ ಮೇಲೆ ನಿಂತಿರುತ್ತದೆ. ಕೊಕ್ಕೆಗಳು ನೇರ ಎದುರುಬದುರಾಗಿರಲಿ, ಅದಕ್ಕೊಂದಷ್ಟು ಇದಕ್ಕೊಂದಷ್ಟು ಎಂದು ಸರದಿಯಲ್ಲಿ, ಕೈಯಿಂದಲೇ ಬಿಗಿಯಿರಿ. ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ಸಡಿಲವಾಗಿ ತಿರುಗುವವರೆಗೆ ಮೇಲಿನ ನಟ್ ಮುಟ್ಟಬಾರದು. ಮುಖ ಎಂದೂ ಅದರ ನೇರಕ್ಕೆ ಇರಬಾರದು.

ಗ್ರೀಸ್‌ಕೈ
ಮೇಲಿನ ನಟ್ ಬಿಚ್ಚುವಾಗ ಶಾಕ್‌ನ ಕಡ್ಡಿ ಸುತ್ತಿದರೆ ಅದನ್ನು ಇಕ್ಕಳದಿಂದ ಹಿಡಿಯಬೇಡಿ. ಆ ಹೊಳಪಿನ ಮೇಲೆ ಒಂದು ಗೀರು ಬಿದ್ದರೆ ಸೀಲ್ ಹೋಯಿತು, ಹೊಸ ಶಾಕ್ ಕೂಡ ಎಣ್ಣೆ ಸೋರಿಸುತ್ತದೆ. ಕಡ್ಡಿಯ ತುದಿಯಲ್ಲಿ ಹಿಡಿಯಲು ಜಾಗ ಕೊಟ್ಟಿರುತ್ತಾರೆ.

ತೆರೆದಚಾವಣಿ
ಶಾಕ್‌ನ ಮೇಲ್ತುದಿಯ ನಟ್‌ಗಳು ಡಿಕ್ಕಿಯ ಒಳಗೆ, ಅಲ್ಲವೇ? ಒಂದು ಬದಿ ಸಿಕ್ಕಿತು. ಇನ್ನೊಂದು ಕಾಣುತ್ತಿಲ್ಲ.

ಹಳೇಸ್ಪ್ಯಾನರ್
ಪೆಟ್ರೋಲ್ ತುಂಬುವ ಕೊಳವೆ ಇರುವ ಬದಿಯದು ಅದರ ಮುಚ್ಚಳದ ಹಿಂದೆ ಅಡಗಿದೆ. ಮುಚ್ಚಳ ಬಿಚ್ಚಿ. ಹಾಗೆಯೇ ಬಿಚ್ಚುವ ಮುಂಚೆ ಆ ನಟ್‌ಗಳು ಬಿಗಿಯಾಗಿವೆಯೇ ನೋಡಿ ಹೇಳಿ.

ತೆರೆದಚಾವಣಿ
ಎಡಗಡೆಯದೊಂದು ಬೆರಳಿನಲ್ಲೇ ತಿರುಗುತ್ತಿದೆ!

ಹಳೇಸ್ಪ್ಯಾನರ್
ನಿಮ್ಮ 'ಟಕ್' ಸಿಕ್ಕಿತು.

ಮೂರನೇಗೇರ್
ಒಂದು ನಟ್ ಬಿಗಿದಿದ್ದರೆ ಮುಗಿಯುತ್ತಿತ್ತು! ಇಡೀ ಹಿಂಭಾಗ ಬಿಚ್ಚಿ ಹಾಕಿದ್ದೀರಿ.

ಹಿಂಚಕ್ರಪುರಾಣ
ಸೋರಿದ ಶಾಕ್ ನಟ್ ಬಿಗಿದರೆ ಗುಣವಾಗುವುದಿಲ್ಲ. ಬಿರುಕು ಬಿಟ್ಟ ಬುಶ್ ಕೂಡ.

ಗ್ರೀಸ್‌ಕೈ
ಡಿಕ್ಕಿಯಲ್ಲಿ ಸಡಿಲವಾಗಿ ಬಿದ್ದಿದ್ದ ಜ್ಯಾಕ್ ಹಿಡಿಯನ್ನು ಬಿಟ್ಟು, ಶಾಕ್ ಬದಲಾಯಿಸಿದವರನ್ನು ಕಂಡಿದ್ದೇನೆ. ನೀವು ಪರವಾಗಿಲ್ಲ.

ತೆರೆದಚಾವಣಿ
ಬಲಗಡೆಯ ಉದ್ದ ಬೋಲ್ಟ್ ಮೂರನೇ ಸಲ ಎಣ್ಣೆ ಹಾಕಿದ ಮೇಲೆ ಸುತ್ತಿಗೆಗೆ ಬಂತು. ಎಡಗಡೆಯದನ್ನು ಕೊಯ್ದೆ. ಕ್ಯಾಮ್‌ಗಳು ನನ್ನ ಪುಣ್ಯಕ್ಕೆ ಕೈಯಲ್ಲೇ ಸಡಿಲವಾದವು. ಇನ್ನು ಜೋಡಣೆ. ಬೋಲ್ಟ್‌ಗೆ ಆಂಟಿ ಸೀಜ್ ಪೇಸ್ಟ್ ಬಳಿಯಲೇ?

ಅಳತೆಗೋಲು
ಸ್ಲೀವ್ ಒಳಗೆ ಇರುವ ನುಣುಪು ಭಾಗಕ್ಕೆ ಧಾರಾಳವಾಗಿ ಬಳಿಯಿರಿ. ಮರೆಯ (ನಟ್ ಹತ್ತುವ ತಿರುಪಿನ ಸುರುಳಿ) ಮೇಲೆ ಬೇಡ. ವರ್ಕ್‌ಶಾಪ್ ಕೈಪಿಡಿಯ ಟಾರ್ಕ್ ಅಂಕಿಗಳು ಒಣ ಮರೆಗೆ ಕೊಟ್ಟವು. ಜಾರುವ ಮರೆಗೆ ಅದೇ ಟಾರ್ಕ್ ಕೊಟ್ಟರೆ ಬೋಲ್ಟ್ ಮೇಲೆ ಬೀಳುವ ಎಳೆತ ಬಹಳ ಹೆಚ್ಚಾಗುತ್ತದೆ.

ಹಳೇಸ್ಪ್ಯಾನರ್
ಈಗ ಮುಖ್ಯವಾದದ್ದು. ಬುಶ್ ಹಾದುಹೋಗುವ ಯಾವ ಬೋಲ್ಟನ್ನೂ ಆರ್ಮ್ ನೇತಾಡುತ್ತಿರುವಾಗ ಕೊನೆಯ ಬಿಗಿತ ಕೊಡಬೇಡಿ. ಹಾಗೆ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡೇ ಇರುತ್ತದೆ, ಗಾಡಿಯ ಎತ್ತರವೂ ತುಸು ಏರುಪೇರಾಗುತ್ತದೆ. ಎಲ್ಲವನ್ನೂ ಕೈಬಿಗಿಯಲ್ಲಿ ಬಿಟ್ಟು, ಲೋವರ್ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು, ಗಾಡಿ ಸ್ಟ್ಯಾಂಡಿನಿಂದ ಎದ್ದೇಳುವ ಹಂತಕ್ಕೆ ಬಂದಾಗ ಬಿಗಿಯಿರಿ.

ಅಳತೆಗೋಲು
ಇಲ್ಲೊಂದು ತಿದ್ದುಪಡಿ. ಜ್ಯಾಕನ್ನು ಆರ್ಮ್‌ನ ನಡುವಿಗೆ ಕೊಟ್ಟರೆ ಸ್ಪ್ರಿಂಗ್ ಪೂರ್ತಿ ಕುಗ್ಗುವ ಮೊದಲೇ ಗಾಡಿ ಎದ್ದುಬಿಡುತ್ತದೆ. ಚಕ್ರದ ಬಳಿ ಬೀಳುವ ಭಾರಕ್ಕೆ ಇರುವ ಸನ್ನೆಯ ಉದ್ದ ಅಲ್ಲಿ ಸಿಗುವುದಿಲ್ಲ. ಎದ್ದದ್ದನ್ನು ನೋಡಿ ಸರಿಯಾದ ಎತ್ತರ ಎಂದುಕೊಂಡರೆ ತಪ್ಪು. ನಕಲ್‌ನ ಕೆಳಗೇ, ಆದಷ್ಟು ಹೊರಗೆ ಕೊಡಿ. ಇನ್ನೂ ಉತ್ತಮ ದಾರಿ: ಗಾಡಿ ನೆಲದ ಮೇಲಿದ್ದಾಗ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದಿಟ್ಟುಕೊಂಡು, ಜ್ಯಾಕ್ ಎತ್ತುವಾಗ ಅದೇ ಅಳತೆ ಬಂದಾಗ ಬಿಗಿಯುವುದು.

ಹಳೇಸ್ಪ್ಯಾನರ್
ಒಪ್ಪಿದೆ. ನಕಲ್ ಕೆಳಗೆ.

ಪಾಲಿಪ್ರಿಯ
ಪಾಲಿಗೆ ಈ ರಗಳೆಯೇ ಇಲ್ಲ. ಸ್ಲೀವ್ ಸುತ್ತ ತಿರುಗುತ್ತದೆ, ಯಾವ ಎತ್ತರದಲ್ಲಿ ಬೇಕಾದರೂ ಬಿಗಿಯಬಹುದು.

ಗ್ರೀಸ್‌ಕೈ
ಅದೊಂದು ಒಪ್ಪುವ ಮಾತು.

ತೆರೆದಚಾವಣಿ
ನಾನು ಮೊದಲೇ ಅಳೆದಿಟ್ಟಿಲ್ಲ. ಶಾಕ್ ಬಿಟ್ಟು ಎಲ್ಲವೂ ಕಂಪನಿಯದೇ ಎತ್ತರ.

ಅಳತೆಗೋಲು
ಕ್ಯಾಮ್ ನಟ್‌ಗಳನ್ನು ಗೆರೆಯ ಮೇಲೆ ನಿಲ್ಲಿಸಿ ಹಿಡಿಯುವಷ್ಟು ಬಿಗಿಯಿರಿ, ಉಳಿದವನ್ನು ಹಗುರವಾಗಿ. ಚಕ್ರ ಹಾಕಿ ನೆಲಕ್ಕಿಳಿಸಿ, ಹಿಂದೆ ಮುಂದೆ ತಳ್ಳಿ, ಹಿಂಭಾಗವನ್ನು ಒತ್ತಿ ಕುಲುಕಿ. ಎತ್ತಿ ಇಳಿಸಿದ ಟೈರ್ ನೆಲಕ್ಕೆ ಕಚ್ಚಿ ಗಾಡಿಯನ್ನು ಎತ್ತರದಲ್ಲೇ ಹಿಡಿದಿಟ್ಟಿರುತ್ತದೆ, ತಳ್ಳಿದ ಮೇಲೆಯೇ ನಿಜವಾದ ಎತ್ತರ. ಆಗ ಅಳೆಯಿರಿ. ಇಲ್ಲವೇ ನಾಲ್ಕೂ ಚಕ್ರಗಳನ್ನು ಗಟ್ಟಿ ಹಲಗೆಗಳ ಮೇಲೆ ಹತ್ತಿಸಿ, ಕೆಳಗೆ ನುಸುಳಿ ಅಲ್ಲೇ ಬಿಗಿದುಬಿಡಿ. ಬಿಗಿಯದ ಬೋಲ್ಟ್‌ಗಳೊಂದಿಗೆ ರಸ್ತೆಗೆ ಮಾತ್ರ ಇಳಿಸಬೇಡಿ.

ಟೋ ನೋಡಲು ದಾರ ಕಟ್ಟುವುದಾದರೆ ಒಂದು ಎಚ್ಚರಿಕೆ: ಈ ಗಾಡಿಯ ಹಿಂದಿನ ಟ್ರ್ಯಾಕ್ (ಎಡಬಲ ಚಕ್ರಗಳ ನಡುವಿನ ಅಂತರ) ಮುಂದಿನದಕ್ಕಿಂತ ಅಗಲ. ಎರಡು ಕಡೆಯ ದಾರಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕು, ಪ್ರತಿ ಆಕ್ಸಲ್‌ನಲ್ಲಿ ಎಡಬಲದ ಹಬ್‌ಗಳಿಂದ ಸಮದೂರದಲ್ಲಿರಬೇಕು. ಟೈರಿಗೆ ತಾಗಿಸಿ ಕಟ್ಟಿದರೆ ಎಲ್ಲ ಸುಳ್ಳು ಅಂಕಿ. ರಿಮ್‌ನ ಮುಂದಿನ ಅಂಚು, ಹಿಂದಿನ ಅಂಚು ಎರಡನ್ನೂ ಅಳೆಯಿರಿ. ಅಂಚಿನಿಂದ ಅಂಚಿಗೆ 400 ಮಿ.ಮೀ. ಇರುವ ರಿಮ್‌ನಲ್ಲಿ ಒಂದು ಮಿ.ಮೀ. ವ್ಯತ್ಯಾಸ ಎಂದರೆ ಸುಮಾರು 0.14 ಡಿಗ್ರಿ. ಹಿಂಬದಿಗೆ ತುಸು ಟೋ-ಇನ್ ಇರಲಿ. ಟೋ-ಔಟ್ ಕಂಡರೆ ಅಂಗಡಿಯವರೆಗೂ ಓಡಿಸಬೇಡಿ, ಮೊದಲು ಕ್ಯಾಮ್ ಸರಿಪಡಿಸಿ.

ತೆರೆದಚಾವಣಿ
ಹಲಗೆಗಳ ಮೇಲೆ ಹತ್ತಿಸಿ ಬಿಗಿದೆ. ದಾರದ ಲೆಕ್ಕದಲ್ಲಿ ಎರಡೂ ಬದಿಗೆ ಒಂದೊಂದು ಮಿ.ಮೀ. ಟೋ-ಇನ್. ಚಕ್ರದ ನಟ್‌ಗಳಿಗೆ 100 ನ್ಯೂಟನ್ ಮೀಟರ್ ಕೊಟ್ಟೆ. ಸದ್ದು ಹೋಗಿದೆ, ಆಕ್ಸಿಲರೇಟರ್ ಬಿಟ್ಟಾಗಿನ ಅಲುಗಾಟವೂ ಇಲ್ಲ. ನಾಳೆ ಅಲೈನ್‌ಮೆಂಟ್. ಮೇಲಿನ ಆರ್ಮ್‌ನ ಬುಶ್‌ಗಳನ್ನು ಮುಟ್ಟಿಲ್ಲ. ಅವನ್ನೂ ಈಗಲೇ ಮಾಡಬೇಕಿತ್ತೇ?

ಗ್ರೀಸ್‌ಕೈ
ಬಿರುಕು ಬಿಟ್ಟಿವೆಯೇ?

ತೆರೆದಚಾವಣಿ
ಇಲ್ಲ, ಸನ್ನೆ ಹಾಕಿ ಅಲುಗಿಸಿದರೂ ಗಟ್ಟಿಯಾಗಿವೆ.

ಗ್ರೀಸ್‌ಕೈ
ಬಿಡಿ ಹಾಗಾದರೆ. ಮುಂದಿನ ಸಲ ಬಿಚ್ಚುವಷ್ಟರಲ್ಲಿ ಕೆಳಗಿನ ಬೋಲ್ಟ್‌ಗಳು ಕಚ್ಚದಿರುವಂತೆ ಪೇಸ್ಟ್ ಬಳಿದಿದ್ದೀರಲ್ಲ.

ಪಾಲಿಪ್ರಿಯ
ಮುಂದಿನ ಸಲ ಪಾಲಿ.

ಚಕ್ರಕ್ಕೆಕಲ್ಲು
ಅಲೈನ್‌ಮೆಂಟ್‌ಗೆ ಹೋಗುವ ಮುನ್ನ ಒಂದು ಸುತ್ತು ಓಡಿಸಿ ಬಂದು ಚಕ್ರದ ನಟ್‌ಗಳು, ಡಿಕ್ಕಿಯ ಆ ನಟ್‌ಗಳು ಎಲ್ಲಕ್ಕೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ.